ಒಂದೇ ಆಟ, ದೇಶಕ್ಕೊಂದು ರೇಟು!

ಶೆಟಗೇರಿಯ ಕಿರಾಣಿ ಅಂಗಡಿಯವರು ಕೇಳಿದ ಪ್ರಶ್ನೆ

(ನಮ್ಮ ವರದಿಗಾರನಿಂದ)

ಶೆಟಗೇರಿ: ಮೊನ್ನೆ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ ಹೆಗಲು ತಟ್ಟಿದರು. ತಿರುಗಿ ನೋಡಿದರೆ ಶೆಟಗೇರಿಯ ಕಿರಾಣಿ ಅಂಗಡಿಯವರು. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ, ಹಾಕುವುದಿಲ್ಲ. ಕೈಯಲ್ಲಿ ಎರಡು ಚೀಲ ಸಾಮಾನು, ಮುಖದ ಮೇಲೆ ಆಷಾಢದ ಮೋಡ.

“ತಮ್ಮಾ, ನೀ ಪೇಪರಿನಲ್ಲಿ ಬರೀತೆ ಅಲಾ? ಒಂದು ಕೇಳೂದಿತ್ತು. ಈ ಸ್ಟೀಮ್ ಅಂದ್ರೆ ಎಂತಾ ಅಂಗಡಿ? ಎಲ್ಲಿ ಉಂಟು ಅದು?”

ಇಡ್ಲಿ ಪಾತ್ರೆ ಮಾರುವ ಅಂಗಡಿ ಇರಬೇಕು ಎಂದು ಪಕ್ಕದಲ್ಲಿ ನಿಂತವರೊಬ್ಬರು ನಕ್ಕರು. ಅಂಗಡಿಯವರು ನಗಲಿಲ್ಲ. ಅವರ ಬ್ಯಾಂಕ್ ಖಾತೆಯಿಂದ 1,400 ರೂಪಾಯಿ ಹೋಗಿದೆ. ಮೊಬೈಲಿಗೆ ಮೆಸೇಜು ಬಂದಾಗ ಅವರು ಅಂಗಡಿಯಲ್ಲಿ ಸಕ್ಕರೆ ತೂಗುತ್ತಿದ್ದರಂತೆ. ಮಗನನ್ನು ಕರೆದು ಕೇಳಿದರೆ ಮಗ ತಲೆ ಕೆಳಗೆ ಹಾಕಿದ. ಮೊದಲು ಬಂದ ಸಂಶಯ ರಮ್ಮಿಯದ್ದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಕಾಯಿದೆ ಮಾಡಿ ನಿಷೇಧಿಸಿದೆ, ಅದು ಅಂಗಡಿಯವರಿಗೂ ಗೊತ್ತು. “ರಮ್ಮಿಯಲ್ಲ ಅಪ್ಪಾ, ಗೇಮು” ಎಂದನಂತೆ ಮಗ. ರಮ್ಮಿಯೂ ಗೇಮೇ ಅಲ್ಲವೇ ಎಂದು ಇವರ ವಾದ. ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್.

ಬಸ್ಸು ಬಂತು. ಇಬ್ಬರೂ ಹತ್ತಿದೆವು. ಸೀಟು ಸಿಗಲಿಲ್ಲ, ನಿಂತೇ ಪೂರ್ತಿ ಕಥೆ ಕೇಳಿದೆ. ಆಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಗನನ್ನೂ ಕೂರಿಸಿಕೊಂಡು ಕೇಳಿದೆ. ಹುಡುಗ 19ರವನು, ಡಿಪ್ಲೊಮಾ ಓದುತ್ತಾನೆ. ಸುಳ್ಳು ಹೇಳುವ ಜಾತಿಯಲ್ಲ.

ಮಾವಿನ ಹಣ್ಣಿನ ದುಡ್ಡು

ಹೋದ ಹಂಗಾಮಿನಲ್ಲಿ ಹುಡುಗ ಹೆದ್ದಾರಿ ಬದಿಗೆ ಕೂತು ಕರಿ ಇಶಾಡು ಮಾರಿದ್ದ. ನಮ್ಮ ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದ್ದು ಓದುಗರಿಗೆ ನೆನಪಿರಬಹುದು. ಮುದ್ರೆ ಸಿಕ್ಕಿದ ಮೇಲೆ ಹಣ್ಣಿನ ರುಚಿ ಬದಲಾಗಲಿಲ್ಲ, ಕಾರಿನವರ ಆಸೆ ಮಾತ್ರ ಹೆಚ್ಚಿತು. ಆ ದುಡ್ಡನ್ನು ಅಪ್ಪನ ಕೈಗೆ ಕೊಟ್ಟು, ಅಪ್ಪನ ಖಾತೆಯಲ್ಲಿ ಇಡಿಸಿದ್ದ. ಹುಬ್ಬಳ್ಳಿಯಿಂದ ತಂದ ಒಂದು ಹಳೇ ಕಂಪ್ಯೂಟರ್ ಮನೆಯಲ್ಲಿದೆ. ಅದರಲ್ಲಿ ಆಡಲು ಅವನಿಗೆ ಬೇಕಾಗಿದ್ದು ‘ಸೈಬರ್‌ಪಂಕ್ 2077’ ಎಂಬ ಆಟ. ಪೋಲೆಂಡ್ ದೇಶದ ಕಂಪನಿಯೊಂದು ಮಾಡಿದ್ದು, 2020ರ ಡಿಸೆಂಬರಿನಲ್ಲಿ ಬಂದದ್ದು. ನಮ್ಮ ದೇಶಕ್ಕೆ ಅದರ ಬೆಲೆ 2,999 ರೂಪಾಯಿ ಎಂದು ಇಟ್ಟರು.

ಅಷ್ಟು ದುಡ್ಡು ಹುಡುಗನ ಹತ್ತಿರ ಇರಲಿಲ್ಲ. ಆಗ ಮೊಬೈಲಿನ ಒಂದು ಗುಂಪಿನಲ್ಲಿ ಯಾರೋ ಮಹಾನುಭಾವ ಸಿಕ್ಕಿದ. ‘ಬೇರೆ ದೇಶದ ಖಾತೆಯಿಂದ ತೆಗೆಸಿಕೊಡುತ್ತೇನೆ, ಅಲ್ಲಿ ರೇಟು ಕಡಿಮೆ, 1,400 ಹಾಕು’ ಅಂದ. ಇವನು ಹಾಕಿದ. ಒಂದು ಖಾತೆಯ ಹೆಸರು, ಪಾಸ್‌ವರ್ಡು ಬಂತು. ಆಟವೂ ಇಳಿಯಿತು. ಮೂರು ದಿನ ಆಡಿದ. ನಾಲ್ಕನೆಯ ದಿನ ಬಾಗಿಲು ಹಾಕಿತ್ತು! ಪಾಸ್‌ವರ್ಡು ಬದಲು, ಮಹಾನುಭಾವ ಮಾಯ, ಗುಂಪಿನಿಂದ ಇವನ ಹೆಸರೂ ಮಾಯ.

ಮೋಸದ ಕಥೆ ಹೊಸದಲ್ಲ. ಗೋಕರ್ಣದ ಪೇಟೆಯಲ್ಲಿ ಗಾಜಿನ ಹರಳನ್ನು ರತ್ನವೆಂದು ತೆಗೆದುಕೊಂಡವನೂ ಇದ್ದಾನೆ. ಆದರೆ ಅಂಗಡಿಯವರನ್ನು ಕೊರೆದದ್ದು 1,400 ರೂಪಾಯಿ ಅಲ್ಲ. ಅವರ ಪ್ರಶ್ನೆಯೇ ಬೇರೆ.

“ಬೇರೆ ದೇಶದಲ್ಲಿ ರೇಟು ಕಡಿಮೆ ಅಂತ ಮಗ ಹೇಳ್ತಾ. ಒಂದೇ ಮಾಲು, ಒಂದೇ ಅಂಗಡಿ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಒಂದು ರೇಟು ಹೆಂಗೆ? ನಾ ಇಲ್ಲಿ ತಂಪು ಬಾಟ್ಲಿಗೆ ಕರೆಂಟಿನ ಖರ್ಚು ಅಂತ ಎರಡು ರೂಪಾಯಿ ಜಾಸ್ತಿ ತಕಂಡ್ರೆ ಇನ್‌ಸ್ಪೆಕ್ಟರು ಬಂದು ಕೇಸ್ ಹಾಕ್ತ್ರು. ಅವಂಗೆ ಎಂತಕ್ಕೆ ಕೇಸಿಲ್ಲ?”

ಪ್ರಶ್ನೆ ನ್ಯಾಯವಾದದ್ದೇ. ಪೊಟ್ಟಣದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳುವುದು ಅಪರಾಧ, ಅದು ಪ್ರತಿ ಅಂಗಡಿಯವನಿಗೂ ಗೊತ್ತು. ಇದರ ಮೇಲೆ ಇನ್ನೊಂದು ನಿಯಮವೂ ಇದೆ. ಒಂದೇ ಮಾಲಿಗೆ ವಿಮಾನ ನಿಲ್ದಾಣದಲ್ಲಿ ಒಂದು, ಊರ ಅಂಗಡಿಯಲ್ಲಿ ಒಂದು ಎಂದು ಎರಡೆರಡು ಬೆಲೆ ಅಚ್ಚು ಹಾಕುತ್ತಿದ್ದ ಕಂಪನಿಗಳಿಗೆ 2018ರ ಜನವರಿ 1ರಿಂದ ಕಡಿವಾಣ ಬಿದ್ದಿದೆ. ಬಾಂದ್ರಾದಲ್ಲೂ ಶೆಟಗೇರಿಯಲ್ಲೂ ಬಿಸ್ಕೀಟು ಪುಡಿಕೆಯ ಮೇಲಿನ ಅಂಕಿ ಒಂದೇ. ಆದರೆ ಕಂಪ್ಯೂಟರಿನ ಆಟಕ್ಕೆ ಪುಡಿಕೆಯೂ ಇಲ್ಲ, ಅಚ್ಚೂ ಇಲ್ಲ. ತೂಕ ಅಳತೆಯ ಇಲಾಖೆಯವರು ಯಾವುದನ್ನು ತೂಗಬೇಕು?

ನಾನು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವ. ಅರ್ಥಶಾಸ್ತ್ರದ ಪುಸ್ತಕ ಕೊಂಡದ್ದು ಉಂಟು, ಬಿಡಿಸಿದ್ದು ಕಡಿಮೆ. ಆದರೂ ಅಂಗಡಿಯವರಿಗೆ ಉತ್ತರ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ. ವಾರವಿಡೀ ಕೇಳಿ, ಓದಿ, ಲೆಕ್ಕ ಹಾಕಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿ ಯಾರದು?

ಸ್ಟೀಮ್ ಎಂಬುದು ಅಮೇರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಎಂಬ ಊರಿನ ವಾಲ್ವ್ ಕಂಪನಿಯ ಅಂಗಡಿ. 2003ರಲ್ಲಿ ಬಾಗಿಲು ತೆರೆದದ್ದು. ಬಾಗಿಲು ಅಂದರೆ ಇಂಟರ್ನೆಟ್ಟೇ ಬಾಗಿಲು. ಆಟ ಮಾಡಿದವರು ಬೇರೆ, ಅಂಗಡಿಯವರು ಬೇರೆ. ಮಾರಾಟದ ದುಡ್ಡಿನಲ್ಲಿ ಅಂಗಡಿಗೆ ನೂರಕ್ಕೆ 30, ಉಳಿದದ್ದು ಆಟ ಮಾಡಿದವರಿಗೆ. ವ್ಯಾಪಾರ ಒಂದು ಕೋಟಿ ಡಾಲರ್ ದಾಟಿದರೆ ದಲ್ಲಾಳಿ 25ಕ್ಕೆ ಇಳಿಯುತ್ತದೆ, 5 ಕೋಟಿ ದಾಟಿದರೆ 20ಕ್ಕೆ. ದೊಡ್ಡವರಿಗೆ ಕಡಿಮೆ ದಲ್ಲಾಳಿ, ಸಣ್ಣವರಿಗೆ ಪೂರ್ತಿ. ಎಪಿಎಂಸಿಯಲ್ಲಿ ಕಂಡದ್ದೇ.

2015ರ ನವೆಂಬರಿನ ತನಕ ಈ ಅಂಗಡಿಯಲ್ಲಿ ನಮ್ಮ ರೂಪಾಯಿ ನಡೆಯುತ್ತಿರಲಿಲ್ಲ. ಡಾಲರಿನಲ್ಲೇ ಬೆಲೆ, ಡಾಲರಿನಲ್ಲೇ ಪಾವತಿ. ಆಗ ಅಂಕೋಲೆಯಲ್ಲಿ ಯಾರು ಕೊಳ್ಳುತ್ತಿದ್ದರು? ಯಾರೂ ಇಲ್ಲ. ನಾವೆಲ್ಲ ಸೈಬರ್ ಕೆಫೆಯಲ್ಲಿ ತಾಸಿಗೆ 20 ರೂಪಾಯಿ ಕೊಟ್ಟು ‘ವೈಸ್ ಸಿಟಿ’ ಆಡಿದವರು. ಆ ಕೆಫೆಯ ಸೀಡಿ ಎಲ್ಲಿಂದ ಬಂತೆಂದು ನಾವು ಕೇಳಲಿಲ್ಲ, ಕೆಫೆಯವನು ಹೇಳಲಿಲ್ಲ. ನಕಲಿ ಎಂದು ಎಲ್ಲರಿಗೂ ಗೊತ್ತಿತ್ತು. ಕಳ್ಳಪ್ರತಿಗೆ ಕಾರಣ ಬೆಲೆಗಿಂತ ಹೆಚ್ಚಾಗಿ ಕೆಟ್ಟ ಸೇವೆ ಎಂದು ವಾಲ್ವ್‌ನ ಯಜಮಾನ ಗೇಬ್ ನ್ಯೂವೆಲ್ 2011ರಲ್ಲಿ ಹೇಳಿದ್ದರು. ಅವರು ಅಂಕೋಲೆ ಬಸ್ ಸ್ಟ್ಯಾಂಡಿಗೆ ಬಂದವರಲ್ಲ. ಇಲ್ಲಿ ಬೆಲೆಯೂ ಕಾರಣವಾಗಿತ್ತು.

ರೂಪಾಯಿ ಬಂದ ಮೇಲೆ, ಆಮೇಲೆ ಯುಪಿಐ ಬಂದ ಮೇಲೆ, ಹುಡುಗರು ದುಡ್ಡು ಕೊಟ್ಟು ಕೊಳ್ಳಲು ಕಲಿತರು.

ಎಂಟು ತಾಸು, ಎಂಟು ದಿನ

ಈಗ ಲೆಕ್ಕ. ಆ 2,999 ರೂಪಾಯಿಯ ಆಟಕ್ಕೆ ಅಮೇರಿಕದಲ್ಲಿ ಬೆಲೆ 59.99 ಡಾಲರ್, ಅಂದರೆ 60 ಎನ್ನೋಣ. ಅಲ್ಲಿ ಕೇಂದ್ರ ಸರಕಾರದ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. 2009ರಿಂದ ಅದು ಏರಿಲ್ಲ, ಅಲ್ಲಿಯ ಬಡವನಿಗೂ ಕಷ್ಟ ಇದೆ ಎಂಬುದು ನೆನಪಿರಲಿ. ಹಾಗಿದ್ದರೂ ಎಂಟು ತಾಸು ಚಿಲ್ಲರೆ ದುಡಿದರೆ ಅವನಿಗೆ ಒಂದು ಆಟ.

ನಮ್ಮಲ್ಲಿ? ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 2,999 ರೂಪಾಯಿ ಆಗಬೇಕಾದರೆ ಎಂಟು ದಿನ ಮಣ್ಣು ಹೊರಬೇಕು. ಅಲ್ಲಿ ಎಂಟು ತಾಸು, ಇಲ್ಲಿ ಎಂಟು ದಿನ. ಇದು ರಿಯಾಯಿತಿ ಕೊಟ್ಟ ಮೇಲಿನ ಲೆಕ್ಕ, ಸ್ವಾಮೀ! ಡಾಲರ್ ಬೆಲೆಯನ್ನೇ ನೇರವಾಗಿ ರೂಪಾಯಿ ಮಾಡಿದ್ದರೆ, 2025ರ ಮಧ್ಯದ 85 ರೂಪಾಯಿ ವಿನಿಮಯದಂತೆ, 5,100 ಆಗುತ್ತಿತ್ತು. ಹದಿನಾಲ್ಕು ದಿನದ ಕೂಲಿ.

ಹೀಗೆಂದು ಅಂಗಡಿಯವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದರು. “ಅಂದ್ರೆ ನಮಗೇ ಕಡಿಮೆ ಮಾಡಿ ಕೊಟ್ಟಿದ್ರಾ?” ಎಂದರು. ಹೌದು. ಅವರು ಸಿಟ್ಟು ಮಾಡಿದ್ದು ತಪ್ಪು ಕಡೆಗೆ. ಮೋಸಗಾರನ ಮಾತು ಕೇಳಿ ನಾವು ಹೆಚ್ಚು ಕೊಡುವವರು ಎಂದು ಅವರು ತಿಳಿದಿದ್ದರು. ನಿಜಕ್ಕೂ ಈ ಅಂಗಡಿಯಲ್ಲಿ ನಾವು ಕಡಿಮೆ ಕೊಡುವವರ ಸಾಲಿನಲ್ಲಿದ್ದೇವೆ.

ಎಲ್ಲ ಅಂಗಡಿಯೂ ಹೀಗಿಲ್ಲ. ಸೋನಿ ಕಂಪನಿ 2020ರಲ್ಲಿ ತನ್ನ ಪ್ಲೇಸ್ಟೇಷನ್ 5 ಪೆಟ್ಟಿಗೆ ತಂದಾಗ ಅದರ ದೊಡ್ಡ ಆಟಗಳಿಗೆ ಅಲ್ಲಿ 70 ಡಾಲರ್, ಇಲ್ಲಿ 4,999 ರೂಪಾಯಿ ಎಂದಿತು. ಅಂದಿನ ವಿನಿಮಯದಲ್ಲಿ ಅದು ಹೆಚ್ಚುಕಡಿಮೆ ನೇರ ಡಾಲರ್ ಬೆಲೆಯೇ. ಕಂಪನಿಯ ಪರವಾಗಿ ಒಂದು ಮಾತು ಹೇಳಲೇಬೇಕು: ನಮ್ಮ ಬೆಲೆಯೊಳಗೆ ನೂರಕ್ಕೆ 18 ಜಿಎಸ್‌ಟಿ ಸೇರಿದೆ, ಅಮೇರಿಕದ ಬೆಲೆಯ ಮೇಲೆ ತೆರಿಗೆ ಬೇರೆ. ಹಾಗೆ ನೋಡಿದರೆ ಸ್ವಲ್ಪ ಬಿಟ್ಟಿದ್ದಾರೆ. ಆದರೆ ಕೂಲಿಯವನಿಗೆ ಅದು ಸಮಾಧಾನವಲ್ಲ.

2,999 ಎಲ್ಲಿ ಹೋಗುತ್ತದೆ ಎಂದು ಅಂಗಡಿಯವರು ಕೇಳಿದರು. ವ್ಯಾಪಾರಿಯ ಬುದ್ಧಿ ನೋಡಿ. ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲೇ ಲೆಕ್ಕ ಹಾಕಿದೆವು. ಸರಕಾರದ ಜಿಎಸ್‌ಟಿ ಸುಮಾರು 457. ಉಳಿದ 2,542ರಲ್ಲಿ ಅಂಗಡಿಯ ದಲ್ಲಾಳಿ ನೂರಕ್ಕೆ 30ರಂತೆ ಹಿಡಿದರೆ 762. ಆಟ ಮಾಡಿದವನಿಗೆ ಸುಮಾರು 1,780. ಅಮೇರಿಕದ ಗಿರಾಕಿಯಿಂದ ಅವನಿಗೆ 42 ಡಾಲರ್, ಅಂದರೆ ಮೂರೂವರೆ ಸಾವಿರ ಸಿಗುತ್ತದೆ. ಅರ್ಧಕ್ಕೆ ಅರ್ಧ. “ಅವಂಗೆ ಲುಕ್ಸಾನು ಅಲಾ ಹಾಗಾದ್ರೆ?” ಎಂದು ಅಂಗಡಿಯವರ ಕಳವಳ. ಲುಕ್ಸಾನಿಲ್ಲ. ಇನ್ನೊಂದು ಪ್ರತಿ ಮಾಡಲು ಅವನಿಗೆ ಖರ್ಚು ಇಲ್ಲವೆಂದೇ ಹೇಳಬೇಕು. ಅಕ್ಕಿ ಮೂಟೆಯಲ್ಲ, ಕೊಟ್ಟರೆ ಖಾಲಿಯಾಗುವುದಿಲ್ಲ. ಆಟ ಕಟ್ಟಲು ಬಿದ್ದ ದೊಡ್ಡ ಖರ್ಚು ಮೊದಲೇ ಬಿದ್ದಾಗಿದೆ. ಶೆಟಗೇರಿಯ ಹುಡುಗ ಕೊಳ್ಳದಿದ್ದರೆ ಆ 1,780 ಸೊನ್ನೆ.

ಅಳತೆಗೋಲು ಯಾರದು?

ಊರೂರಿಗೆ ಬೆಲೆ ಹೇಗೆ ಕಟ್ಟುತ್ತಾರೆ ಎಂಬುದನ್ನು ನೋಡಿ. ವಾಲ್ವ್ ಕಂಪನಿ ಒಂದು ಪಟ್ಟಿ ಮಾಡಿ ಇಟ್ಟಿದೆ. ಡಾಲರಿನಲ್ಲಿ ಇಷ್ಟಾದರೆ ರೂಪಾಯಿಯಲ್ಲಿ ಇಷ್ಟು ಇಡಿ, ಬ್ರೆಜಿಲ್‌ನಲ್ಲಿ ಇಷ್ಟು ಇಡಿ ಎಂಬ ಸಲಹೆ. ಬರೀ ವಿನಿಮಯ ದರವಲ್ಲ, ಆಯಾ ದೇಶದ ಜನರ ಕೊಳ್ಳುವ ಶಕ್ತಿ, ಅಲ್ಲಿಯ ಜೀವನವೆಚ್ಚ ಎಲ್ಲ ನೋಡಿ ಈ ಪಟ್ಟಿ ಮಾಡಿದ್ದೇವೆ ಎನ್ನುತ್ತಾರೆ. ಸಲಹೆ ಅಷ್ಟೇ, ಕಟ್ಟುಪಾಡಲ್ಲ. ಆಟ ಮಾಡಿದವನು ಒಪ್ಪಬಹುದು, ಬಿಡಬಹುದು. ಅದಕ್ಕೇ 60 ಡಾಲರಿನ ಒಂದು ಆಟ ಇಲ್ಲಿ 2,999ಕ್ಕೆ ಬಂದರೆ, 2023ರಲ್ಲಿ ಬಂದ ‘ಹಾಗ್‌ವರ್ಟ್ಸ್ ಲೆಗಸಿ’ ಎಂಬ 60 ಡಾಲರಿನದೇ ಇನ್ನೊಂದು ಆಟ 3,999ಕ್ಕೆ ಬಂತು. ಅದೇ ವರ್ಷದ ‘ಬಾಲ್ಡರ್ಸ್ ಗೇಟ್ 3’ ಮತ್ತೆ 2,999. ಸಾವಿರ ರೂಪಾಯಿ ವ್ಯತ್ಯಾಸಕ್ಕೆ ಕಾರಣ ಯಾರೂ ಹೇಳುವುದಿಲ್ಲ. ನನ್ನ ತಕರಾರು ಇಲ್ಲಿದೆ. ಬೆಲೆ ಬೇರೆ ಬೇರೆ ಇರಲಿ, ಆದರೆ ಯಾಕೆ ಎಂದು ಗಿರಾಕಿ ಕೇಳಿದರೆ ಉತ್ತರ ಹೇಳುವವ ಒಬ್ಬ ಬೇಕಲ್ಲ!

ನಮ್ಮ ಅಂಕೋಲೆ ಪೇಟೆಯಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸರನ್ನು ನೋಡಿ. ಹರಿವೆ ಸೊಪ್ಪಿನ ಕಟ್ಟಿಗೆ ಊರವರಿಗೆ ಒಂದು ಬೆಲೆ, ಕೂಲಿಂಗ್ ಗ್ಲಾಸು ಹಾಕಿ ಕಾರಿನಿಂದ ಇಳಿದವರಿಗೆ ಇನ್ನೊಂದು. ಅದು ಮೋಸ ಎಂದು ಯಾರೂ ಪೊಲೀಸರಿಗೆ ಹೇಳಿದ್ದಿಲ್ಲ. ಯಾಕೆಂದರೆ ಅಲ್ಲಿ ಚೌಕಾಶಿ ಉಂಟು. ಕಾರಿನವನು ಬಾಯಿ ಬಿಟ್ಟರೆ ಐದು ರೂಪಾಯಿ ಇಳಿಯುತ್ತದೆ. ‘ನಾ ಇಲ್ಲೀಯವನೇ, ಬೆಂಗಳೂರಿಗೆ ಹೋದವ’ ಎಂದರೆ ಇನ್ನೂ ಐದು. ಯಂತ್ರದ ಅಂಗಡಿಯಲ್ಲಿ ಯಾರ ಹತ್ತಿರ ಬಾಯಿ ಬಿಡುವುದು?

ಶೆಟಗೇರಿಯ ನಮ್ಮ ಹುಡುಗನೂ ಕಡಿಮೆಯಿಲ್ಲ. ಇಶಾಡು ಮಾರುವಾಗ ಏನು ಮಾಡಿದ್ದ ಎಂದು ಕೇಳಿದೆ. ಸ್ವಲ್ಪ ನಾಚಿಕೊಂಡು ಹೇಳಿದ: ಕೆಎ 30 ನಂಬರಿನ ಗಾಡಿ ನಿಂತರೆ ಒಂದು ರೇಟು, ಗೋವಾ ನಂಬರು ನಿಂತರೆ ಡಜನ್ನಿಗೆ 50 ಹೆಚ್ಚು, ಬೆಂಗಳೂರು ನಂಬರಾದರೆ ದೇವರೇ ಗತಿ. ಅಪ್ಪನಿಗೆ ಈ ವಿಷಯ ಗೊತ್ತೇ ಇರಲಿಲ್ಲ! “ಹೌದೇನಾ?” ಎಂದು ಮಗನ ಮುಖ ನೋಡಿದರು. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ಎದ್ದು ಹೋಗಿ ಗಿರಾಕಿಗೆ ತೆಂಗಿನೆಣ್ಣೆ ಕೊಟ್ಟು ಬಂದರು.

ದೇಶಕ್ಕೊಂದು ರೇಟು ಎನ್ನುವುದರಲ್ಲಿ ಇನ್ನೊಂದು ಊನ ಇದೆ. ಬೆಂಗಳೂರಿನಲ್ಲಿ ತಿಂಗಳಿಗೆ ಎರಡು ಲಕ್ಷ ಎಣಿಸುವವನೂ ಭಾರತ, ಶೆಟಗೇರಿಯ ಕಿರಾಣಿ ಅಂಗಡಿಯ ಹುಡುಗನೂ ಭಾರತ. ಇಬ್ಬರಿಗೂ 2,999. ಅಮೇರಿಕದ ಹೊಟೇಲಿನಲ್ಲಿ ತಟ್ಟೆ ತೊಳೆಯುವವನಿಗೆ ಬೆಂಗಳೂರಿನ ಎರಡು ಲಕ್ಷದವನಿಗಿಂತ ಹೆಚ್ಚು ಬೆಲೆ. ನೆರೆಯ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾದವರಿಗೆ ತಮ್ಮ ದುಡ್ಡಿನಲ್ಲಿ ಕೊಳ್ಳುವ ಭಾಗ್ಯವೇ ಇಲ್ಲ, ದಕ್ಷಿಣ ಏಷ್ಯಾ ಎಂಬ ಗಂಟಿನಲ್ಲಿ ಡಾಲರೇ ಕೊಡಬೇಕು. ಹಾಗೆಂದು ಒಬ್ಬೊಬ್ಬನ ಕಿಸೆ ನೋಡಿ ಯಂತ್ರವೇ ರೇಟು ಹೇಳುವಂತಾದರೆ? ಅದು ನನಗಂತೂ ಬೇಡ. ಈಗಿನ ದೇಶದ ಗೆರೆ ಒರಟು, ಆದರೆ ಎಲ್ಲರಿಗೂ ಕಾಣುವ ಗೆರೆ.

ಮಾಜಾಳಿ ಗೇಟು

ಗೆರೆ ಎಂದ ಕೂಡಲೇ ಕಾರವಾರದವರಿಗೆ ನೆನಪಾಗುವುದು ಮಾಜಾಳಿ ಚೆಕ್‌ಪೋಸ್ಟು. ಆಚೆ ಗೋವಾ, ಈಚೆ ನಾವು. ಬಾಟಲಿ ಒಂದೇ, ತೆರಿಗೆ ಬೇರೆ, ರೇಟು ಬೇರೆ. 2012ರ ಏಪ್ರಿಲಿನಲ್ಲಿ ಗೋವಾ ಸರಕಾರ ಪೆಟ್ರೋಲಿನ ತೆರಿಗೆ ಇಳಿಸಿ ಲೀಟರಿಗೆ ಸುಮಾರು 11 ರೂಪಾಯಿ ಕಡಿಮೆ ಮಾಡಿದಾಗ ಕಾರವಾರದ ಬೈಕುಗಳ ಮೂತಿ ಉತ್ತರಕ್ಕೆ ತಿರುಗಿದ್ದನ್ನು ಮರೆಯುವಂತಿಲ್ಲ. 2024ರ ಜೂನ್‌ನಲ್ಲಿ ನಮ್ಮ ಸರಕಾರ ಪೆಟ್ರೋಲಿಗೆ 3 ರೂಪಾಯಿ ಏರಿಸಿದಾಗ ಆ ಮೂತಿ ಮತ್ತಷ್ಟು ತಿರುಗಿತು. ಪೆಟ್ರೋಲು ಟ್ಯಾಂಕಿನಲ್ಲಿ ಬರುತ್ತದೆ, ಯಾರೂ ಕೇಳುವುದಿಲ್ಲ. ಬಾಟಲಿ ಸೀಟಿನಡಿಯಲ್ಲಿ ಬರುತ್ತದೆ, ಅಬಕಾರಿಯವರು ಸೀಟು ಎತ್ತಿಸುತ್ತಾರೆ.

ಈ ಇಂಟರ್ನೆಟ್ ಅಂಗಡಿಗೂ ಒಂದು ಮಾಜಾಳಿ ಗೇಟು ಉಂಟು. ಶ್ರೀಮಂತ ದೇಶದವರು ‘ನಾನು ಅರ್ಜೆಂಟೀನಾದವ’, ‘ನಾನು ಟರ್ಕಿಯವ’ ಎಂದು ಸುಳ್ಳು ವಿಳಾಸ ತೋರಿಸಿ ಅಗ್ಗದ ಬೆಲೆಗೆ ಆಟ ಎತ್ತತೊಡಗಿದರು. ವಾಲ್ವ್ ಕಂಪನಿ 2021ರಲ್ಲಿ ಗೇಟು ಬಿಗಿ ಮಾಡಿತು. ಮೂರು ತಿಂಗಳಿಗೊಮ್ಮೆ ಮಾತ್ರ ದೇಶ ಬದಲಿಸಬಹುದು, ಅದಕ್ಕೂ ಆ ದೇಶದ ಬ್ಯಾಂಕು, ಕಾರ್ಡು ಬೇಕು. ಆದರೂ ಸೀಟಿನಡಿಯ ವ್ಯಾಪಾರ ನಿಲ್ಲಲಿಲ್ಲ.

ಆಮೇಲೆ ಏನಾಯಿತು ಕೇಳಿ. ಅರ್ಜೆಂಟೀನಾ ಮತ್ತು ಟರ್ಕಿಯ ನಾಣ್ಯ ದಿನದಿನಕ್ಕೆ ಕುಸಿಯುತ್ತಿತ್ತು. 2022ರ ಅಕ್ಟೋಬರಿನಲ್ಲಿ ಸಲಹೆಯ ಪಟ್ಟಿ ಪರಿಷ್ಕರಿಸಿದಾಗ 60 ಡಾಲರಿನ ಆಟಕ್ಕೆ ಆ ಎರಡೂ ದೇಶಗಳ ಬೆಲೆ ಐದು ಪಟ್ಟಿಗೂ ಮಿಕ್ಕಿ ಏರಿತು. 2023ರ ನವೆಂಬರ್ 20ರಂದು ಅಲ್ಲಿಯ ಪೆಸೊ, ಲಿರಾ ಎರಡನ್ನೂ ತೆಗೆದುಹಾಕಿ ಡಾಲರ್ ತಂದರು. ನಾಣ್ಯದ ಏರಿಳಿತದಿಂದ ಆಟ ಮಾಡುವವರಿಗೆ ಬೆಲೆ ಕಟ್ಟಲಾಗುತ್ತಿಲ್ಲ ಎಂದು ಕಂಪನಿ ಕಾರಣ ಕೊಟ್ಟಿತು. ಗಡಿ ದಾಟಿ ಬಂದವರ ಕಾಟವೂ ಇದರ ಹಿಂದೆ ಇತ್ತು ಎಂದು ಆಟದ ಲೋಕವೆಲ್ಲ ಮಾತಾಡಿಕೊಂಡಿತು. ಯಾವುದೇ ಇರಲಿ, ಪೆಟ್ಟು ಬಿದ್ದದ್ದು ಆ ಊರಿನ ಹುಡುಗರಿಗೆ. ಸುಳ್ಳು ವಿಳಾಸದವರು ಬೇರೆ ಅಗ್ಗದ ಊರು ಹುಡುಕಿಕೊಂಡು ಹೋದರು.

ನಮ್ಮ ಹುಡುಗ ಇದನ್ನು ಕೇಳಿ ಕಸಿವಿಸಿಗೊಂಡ. ತಾನು 1,400 ಕೊಟ್ಟದ್ದು ಅಂಥದೇ ಸೀಟಿನಡಿಯ ಮಾಲಿಗೆ ಎಂದು ಅವನಿಗೆ ಹೊಳೆದಿರಲಿಲ್ಲ. ನಾಳೆ ಭಾರತದ ರೇಟನ್ನೇ ಕಳ್ಳದಾರಿಯಲ್ಲಿ ಹೊರಗಿನವರು ಎತ್ತಿದರೆ, ರೂಪಾಯಿಗೂ ಪೆಸೊದ ಗತಿ ಬರಲಾರದು ಎಂದು ಯಾರು ಹೇಳಬೇಕು?

ಯುರೋಪಿನಲ್ಲಿ ಇದೇ ಗೇಟಿನ ಮೇಲೆ ದೊಡ್ಡ ಖಟ್ಲೆ ನಡೆಯಿತು. ಪೋಲೆಂಡ್, ಹಂಗೇರಿ, ರುಮೇನಿಯಾ ಮುಂತಾದ ಪೂರ್ವದ ಬಡ ದೇಶಗಳಲ್ಲಿ ಕೊಂಡ ಆಟ ಪಶ್ಚಿಮದ ದೇಶದಲ್ಲಿ ತೆರೆಯದಂತೆ ಬೀಗ ಹಾಕಿದ್ದರು. ಒಂದೇ ಮಾರುಕಟ್ಟೆಯೊಳಗೆ ಹೀಗೆ ಬೇಲಿ ಹಾಕಬಾರದು ಎಂದು ಯುರೋಪಿಯನ್ ಕಮಿಷನ್ 2021ರ ಜನವರಿಯಲ್ಲಿ ವಾಲ್ವ್ ಮತ್ತು ಐದು ಪ್ರಕಾಶಕ ಕಂಪನಿಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ವಾಲ್ವ್ ಒಂದರದೇ 16 ಲಕ್ಷ. ಕೋರ್ಟಿಗೆ ಹೋದರು, 2023ರ ಸೆಪ್ಟೆಂಬರಿನಲ್ಲಿ ಅಲ್ಲೂ ಸೋತರು. ಗಿರಾಕಿಗೆ ಗೆಲುವು ಎಂದು ಬರೆದ ಪತ್ರಿಕೆಗಳುಂಟು. ನನಗೆ ಅಷ್ಟು ಖಾತ್ರಿಯಿಲ್ಲ. ಬೀಗ ಹಾಕಬಾರದು ಎಂದರೆ ವ್ಯಾಪಾರಿ ಬಡವನ ರೇಟನ್ನು ಶ್ರೀಮಂತನಿಗೆ ಕೊಡುತ್ತಾನೋ, ಶ್ರೀಮಂತನ ರೇಟನ್ನು ಬಡವನಿಗೆ ಹಚ್ಚುತ್ತಾನೋ? ನಮ್ಮ ಅಂಗಡಿಯವರನ್ನೇ ಕೇಳಿದೆ. “ದೊಡ್ಡ ರೇಟನ್ನೇ ಹಚ್ಚೂದು, ಮತ್ತೆಂತಾ?” ಎಂದರು, ಕ್ಷಣವೂ ಯೋಚಿಸದೆ.

ಕೇಳುವ ಜಾಗ ಉಂಟು

ಅಂಗಡಿಯವರ ‘ಅವಂಗೆ ಎಂತಕ್ಕೆ ಕೇಸಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಬಾಕಿ ಇದೆ. 2020ರ ಇ-ಕಾಮರ್ಸ್ ನಿಯಮಗಳು ಕಣ್ಣಿಗೆ ಕಾಣದ ಡಿಜಿಟಲ್ ಮಾಲಿಗೂ ಅನ್ವಯಿಸುತ್ತವೆ, ಭಾರತದ ಗಿರಾಕಿಗಳಿಗೆ ಕ್ರಮವಾಗಿ ಮಾರುವ ಹೊರದೇಶದ ಅಂಗಡಿಗೂ ಅನ್ವಯಿಸುತ್ತವೆ. ಅನ್ಯಾಯದ ಲಾಭಕ್ಕಾಗಿ ಬೆಲೆ ತಿರುಚಬಾರದು, ಒಂದೇ ವರ್ಗದ ಗಿರಾಕಿಗಳಲ್ಲಿ ಭೇದ ಮಾಡಬಾರದು ಎಂದು ಅದರಲ್ಲಿದೆ. ದೂರು ಬಂದರೆ 48 ತಾಸಿನೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆದರೆ ಟರ್ಕಿಯವನೂ ಶೆಟಗೇರಿಯವನೂ ಒಂದೇ ವರ್ಗ ಎಂದು ವಾದಿಸುವುದು ಕಷ್ಟ. ದೇಶಕ್ಕೊಂದು ರೇಟು ಎಂಬುದರ ಮೇಲೆ ಈ ನಿಯಮದಿಂದ ಕೇಸು ನಿಲ್ಲಲಾರದು ಎಂದು ನನ್ನ ತಿಳುವಳಿಕೆ. ಕೊಂಡ ಆಟ ತೆರೆಯಲಿಲ್ಲ, ದುಡ್ಡು ಎರಡು ಸಲ ಹೋಯಿತು, ಇಂಥದ್ದಕ್ಕೆ ನಿಲ್ಲುತ್ತದೆ.

ಗಿರಾಕಿ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಗ್ರಾಹಕ ಕಾಯಿದೆಯ ದೊಡ್ಡ ಉಪಕಾರ. ಅಂಗಡಿ ಬೆಲ್‌ವ್ಯೂದಲ್ಲಿದ್ದರೂ ದೂರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು 1915ಕ್ಕೆ ಫೋನು ಮಾಡಿ ಕೇಳಬಹುದು. ಇನ್ನೊಂದು ಸಂಗತಿ ಬಹಳ ಹುಡುಗರಿಗೆ ಗೊತ್ತಿಲ್ಲ: ಸ್ಟೀಮಿನಲ್ಲಿ ಕೊಂಡ ಆಟ ಹಿಡಿಸದಿದ್ದರೆ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸು ಕೊಡುತ್ತಾರೆ. ವರ್ಷಕ್ಕೆ ನಾಲ್ಕು ಸಲ ದೊಡ್ಡ ರಿಯಾಯಿತಿ ಮಾರಾಟವೂ ನಡೆಯುತ್ತದೆ. ಆ ಅಂಗಡಿಯಲ್ಲಿ ಚೌಕಾಶಿ ಅಂದರೆ ಕಾಯುವುದು. ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಪಳಗಿದವರಿಗೆ ಅದೇನು ಕಷ್ಟವಲ್ಲ.

ಮಹಾನುಭಾವನ ವಿಷಯ ಬೇರೆ. ಅದು ಗ್ರಾಹಕರ ಕೋರ್ಟಿನದ್ದಲ್ಲ, ಪೊಲೀಸರದ್ದು. ಸೈಬರ್ ಮೋಸಕ್ಕೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ, 1930. ಉಪ್ಪಿನ ಸತ್ಯಾಗ್ರಹ ನಡೆದ ಊರಿನವರಿಗೆ ಈ ಅಂಕಿಯನ್ನು ನೆನಪಿಡಿ ಎಂದು ಹೇಳುವ ಅಗತ್ಯವಿಲ್ಲ! ಮೋಸ ಗೊತ್ತಾದ ಕೂಡಲೇ ಫೋನು ಮಾಡಿದರೆ ದುಡ್ಡು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಈ ಹುಡುಗ ಅಪ್ಪನಿಗೆ ಹೆದರಿ ಒಂಬತ್ತು ದಿನ ಸುಮ್ಮನಿದ್ದ. ಈಗ ದೂರು ಕೊಟ್ಟಾಗಿದೆ, ದುಡ್ಡು ಬಂದಿಲ್ಲ.

ಪಿಯರನ ಅಂಗಡಿ

ಹೋದ ಭಾನುವಾರ ಮತ್ತೆ ಶೆಟಗೇರಿಗೆ ಹೋಗಿದ್ದೆ. ಹುಡುಗ ದೊಡ್ಡ ಆಟದ ಆಸೆಯನ್ನು ಮುಂದಿನ ರಿಯಾಯಿತಿಗೆ ಕಟ್ಟಿಟ್ಟು, ಉಳಿದ ದುಡ್ಡಿನಲ್ಲಿ ಸುಮಾರು 480 ರೂಪಾಯಿಯ ಒಂದು ಸಣ್ಣ ಆಟ ಕೊಂಡಿದ್ದಾನೆ. ತನ್ನದೇ ಖಾತೆ, ರಸೀದಿ ಸಮೇತ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂದು ಹೆಸರು. ಎರಿಕ್ ಬರೋನ್ ಎಂಬ ಅಮೇರಿಕದ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿದ್ದು, 2016ರಲ್ಲಿ ಬಂದದ್ದು. ಅಲ್ಲಿ 15 ಡಾಲರ್. ಬೇಸಾಯದ ಆಟ. ಗದ್ದೆ ಉಳಬೇಕು, ಬೀಜ ಬಿತ್ತಬೇಕು, ಹೊಳೆಯಲ್ಲಿ ಮೀನು ಹಿಡಿಯಬೇಕು. ಮನೆಯ ಹಿಂದೆ ಗದ್ದೆ ಇದ್ದೂ ಇಳಿಯದ ಮಗ ದುಡ್ಡು ಕೊಟ್ಟು ಗದ್ದೆ ಮಾಡುತ್ತಾನೆ ಎಂದು ಅಮ್ಮನ ದೂರು.

ಅಪ್ಪ ಮಾತ್ರ ಮಗನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಆ ಆಟದ ಊರಿನಲ್ಲಿ ಪಿಯರ್ ಎಂಬವನದ್ದು ಒಂದು ಕಿರಾಣಿ ಅಂಗಡಿ. ಪಕ್ಕದಲ್ಲೇ ಜೋಜಾ ಎಂಬ ದೊಡ್ಡ ಕಂಪನಿಯ ಮಳಿಗೆ ಬಂದು ಅವನ ಗಿರಾಕಿಗಳನ್ನು ಸೆಳೆಯುತ್ತಿದೆ. ಅಂಗಡಿಯವರು ಬೀಜದ ರೇಟು ಎರಡೂ ಕಡೆ ಕೇಳಿ ತಿಳಿದುಕೊಂಡರು. ಕಂಪನಿಯದ್ದೇ ತುಟ್ಟಿ ಎಂದು ಗೊತ್ತಾಗಿ ಸಂತೋಷಪಟ್ಟರು. ಅಷ್ಟರಲ್ಲಿ ಪಿಯರನ ಬಾಗಿಲು ಹಾಕಿದ್ದು ಕಂಡಿತು. ಬುಧವಾರ ಅವನ ಅಂಗಡಿಗೆ ರಜೆ ಎಂದ ಮಗ.

“ಬುಧವಾರ ಬಾಗ್ಲು ಹಾಕ್ತ್ನಾ? ಎದುರಿಗೆ ಅಷ್ಟು ದೊಡ್ಡ ಅಂಗಡಿ ಇಟ್ಕಂಡು? ತಮ್ಮಾ, ಅವಂಗೆ ಹೇಳೂಕೆ ಆಗೂದಿಲ್ವಾ?” ಎಂದು ನನ್ನ ಮುಖ ನೋಡಿದರು.